ನಡುವಿನ ವೇಗ

ನಮ್ಮ ದ್ವೀಪಕ್ಕೆ ಚಳಿಗಾಲದಲ್ಲಿ ಇನ್ನೊಂದು ದಾರಿ ಇತ್ತು.
ಫೆಬ್ರವರಿಯಲ್ಲಿ ಹುಟ್ಟಿ ಮಾರ್ಚ್ ಕೊನೆಗೆ ಸಾಯುತ್ತಿತ್ತು,
ಯಾರೂ ಅಳುತ್ತಿರಲಿಲ್ಲ,
ಮುಂದಿನ ವರ್ಷ ಬರುತ್ತದಲ್ಲ.

ಎಸ್ಟೋನಿಯಾದ ಈ ತುದಿಯಲ್ಲಿ ಕಡಲು
ಮೊಸರಿನ ಹಾಗೆ ಸದ್ದಿಲ್ಲದೆ ಹೆಪ್ಪುಗಟ್ಟಿದ ಮೇಲೆ
ಬೈರಿಗೆ ಹೊತ್ತು ಮೊದಲು ಇಳಿಯುವವನು ನಾನು, ಟಾರ್ಮೊ,
ರಸ್ತೆ ಇಲಾಖೆಯ ಅಳತೆಗಾರ.
ನೂರು ಹೆಜ್ಜೆಗೊಂದು ತೂತು, ತೂತಿಗೊಮ್ಮೆ ಕೋಲು.
ಇಪ್ಪತ್ತೆರಡು ಸೆಂಟಿಮೀಟರ್ ಬಂದರೆ ಕಾರು ಬಿಡಬಹುದು.
ಉದ್ದಕ್ಕೂ ಜೂನಿಪರ್ ಕೊಂಬೆ ನೆಟ್ಟು ಬರುತ್ತಿದ್ದೆ,
ಕಡಲಿಗೇ ಬೇಲಿ ಹಾಕಿದ ಗತ್ತಿನಲ್ಲಿ.

ನಿಯಮ ಎರಡೇ.
ಸೀಟ್ ಬೆಲ್ಟ್ ಬಿಚ್ಚಿರಬೇಕು, ಮುಳುಗಿದರೆ ಹಾರಿಕೊಳ್ಳಲು.
ಆಮೇಲೆ ವೇಗ: ಇಪ್ಪತ್ತೈದರೊಳಗೆ ಹೋಗು
ಇಲ್ಲವೇ ನಲವತ್ತು ದಾಟಿಸು.
ನಡುವೆ ಬೇಡ. ನಡುವಿನ ವೇಗಕ್ಕೆ
ಮಂಜುಗಡ್ಡೆಯಡಿಯ ನೀರು ಅಲೆಯಾಗಿ ಏಳುತ್ತದೆ,
ಗಾಡಿಯ ಜೊತೆಜೊತೆಗೇ ಓಡುತ್ತದೆ,
ಒಡೆಯುತ್ತದೆ.

ಹನ್ನೊಂದು ವರ್ಷವಾಯಿತು, ದಾರಿ ಬಂದಿಲ್ಲ.

ನಿಜ ಹೇಳಬೇಕೆಂದರೆ ಮೊದಲ ವರ್ಷ ಖುಷಿಯಾಯಿತು.
ಮೊಣಕಾಲು ನೋಯಲಿಲ್ಲ. ಸೌದೆ ಅರ್ಧಕ್ಕರ್ಧ ಉಳಿಯಿತು.
ಜನವರಿಯಲ್ಲಿ ಕೋಟಿನ ಗುಂಡಿ ಬಿಚ್ಚಿ
ಹೊಸ್ತಿಲಲ್ಲಿ ನಿಂತು ಕಾಫಿ ಕುಡಿದೆವು.
ಎಷ್ಟು ಹಿತವಾಗಿದೆ, ಅಂದಳು ಮಾರೆ.
ಹಿತವಾಗಿತ್ತು.
ಯಾರದೋ ತಟ್ಟೆಯಿಂದ ತಿಂದವನ ಹಾಗೆ
ಅದನ್ನು ಇವತ್ತಿಗೂ ಬಾಯಿಬಿಟ್ಟಿಲ್ಲ.

ಟಾಲಿನ್ನಿನಲ್ಲಿ ಮಕ್ಕಳು ಫಲಕ ಹಿಡಿದು ಕೂಗುತ್ತಾರೆ.
ಅವರದು ಅರವತ್ತರ ವೇಗ.
ಮೇಲಿನ ಮನೆ ಹಿಲ್ಯಾಗೆ ವಯಸ್ಸು ಎಂಬತ್ತಾರು, ವೇಗ ಇಪ್ಪತ್ತು.
ನಾನು ಐವತ್ತೆಂಟರವನು,
ಮೂವತ್ತು ವರ್ಷ ಡೀಸೆಲ್ ಸುಟ್ಟು ಹಿಮ ತಳ್ಳಿದವನು.
ಕೂಗೋಣವೆಂದರೆ ಗಂಟಲಲ್ಲಿ ಹೊಗೆ,
ಕಣ್ಣು ಮುಚ್ಚೋಣವೆಂದರೆ ಇನ್ನೂ ಹೊತ್ತಾಗಿಲ್ಲ.

ಹಿಲ್ಯಾಳದು ಒಂದೇ ತಕರಾರು.
ಅವಳ ಎಂಡೆಲ್‌ನನ್ನು ಮಂಜಿನ ದಾರಿಯಲ್ಲೇ ಒಯ್ದಿದ್ದೆವು,
ಟ್ರ್ಯಾಕ್ಟರಿನ ಹಿಂದೆ ಜಾರುಗಾಡಿ ಕಟ್ಟಿ, ಆಚೆ ದಡದ ಮಣ್ಣಿಗೆ.
"ನನ್ನನ್ನೂ ಹಾಗೇ ಒಯ್ಯಿ. ಹಡಗು ಬೇಡ,
ಹಡಗೆಂದರೆ ನನಗೆ ವಾಂತಿ."
ಸತ್ತ ಮೇಲೆ ಎಂಥ ವಾಂತಿ, ಅಂದೆ.
"ನೀನು ಸತ್ತು ನೋಡಿದ್ದೀಯಾ?"
ಆಮೇಲೆ ಮೆಲ್ಲಗೆ, "ಈ ಸಲ ಎಷ್ಟು ಬಂತು?"
ಪ್ರತಿ ಚಳಿಗಾಲವೂ ಕೇಳುತ್ತಾಳೆ, ಮುಹೂರ್ತ ಕೇಳುವವಳಂತೆ.
ಏಳು, ಅಂದೆ. ಇದ್ದದ್ದು ನಾಲ್ಕು.
"ಸರಿ, ಹಾಗಾದರೆ ಇನ್ನೊಂದು ವರ್ಷ ಇರುತ್ತೇನೆ"
ಎಂದು ಆಲೂಗಡ್ಡೆ ಸುಲಿಯತೊಡಗಿದಳು.

ಅಳತೆಯನ್ನು ಈಗ ಯಾರೂ ಕೇಳುವುದಿಲ್ಲ.
ಇಲಾಖೆಗೆ ಉಪಗ್ರಹವಿದೆ.
ಆದರೂ ಹೋಗುತ್ತೇನೆ, ದಡದಿಂದ ಹತ್ತೇ ಹೆಜ್ಜೆ.
ಬೈರಿಗೆ ಎರಡು ಸುತ್ತಿಗೇ ಆಚೆ ಬೀಳುತ್ತದೆ,
ಕಪ್ಪು ನೀರು ತೂತಿನ ತನಕ ಎದ್ದು
ಯಾರು ಬಂದರೆಂದು ನೋಡಿ ನಿಲ್ಲುತ್ತದೆ.
ಪುಸ್ತಕದಲ್ಲಿ ನಾಲ್ಕು ಎಂದು ಬರೆಯುತ್ತೇನೆ.
ಪುಸ್ತಕಕ್ಕೆ ಸುಳ್ಳು ಹೇಳುವುದಿಲ್ಲ.

ಹಡಗಿನ ಕ್ಯಾಂಟೀನಿಗೆ ತಾರ್ತುವಿನಿಂದ ಹೊಸ ಹುಡುಗ ಬಂದಿದ್ದಾನೆ.
ದಾರಿಯ ಮಾತು ತೆಗೆದರೆ "ನೀರಿನ ಮೇಲೆ? ಕಾರಿನಲ್ಲಿ?"
ಯೇಸುವಿನ ದೂರದ ನೆಂಟನನ್ನು ನೋಡುವಂತೆ ನೋಡಿದ.
ಚಿಲ್ಲರೆ ಎಣಿಸಿ ಕೊಟ್ಟ, ಒಂದು ಯೂರೋ ಕಡಿಮೆ.
ಕೇಳಲಿಲ್ಲ.
ನಮ್ಮಿಂದ ಅವರಿಗೆ ಬರಬೇಕಾದದ್ದೇ ಎಷ್ಟಿದೆಯೋ.

ನಿನ್ನೆ ಸಂಜೆ ಮಾರೆಯ ಮಾತ್ರೆ ತರಲು ಬಂದರಿಗೆ ಹೊರಟೆ.
ಹಳೆಯ ರಸ್ತೆ ಕಡಲಿಗೆ ಇಳಿಯುವ ತಿರುವಿನಲ್ಲಿ
ಕೈ ತಾನಾಗಿ ಬೆಲ್ಟಿನ ಗುಂಡಿ ಒತ್ತಿತು. ಟಕ್.
ಎದುರಿಗೆ ಬರೀ ನೀರು, ಎರಡು ಬಾತು.
ಕಟ್ಟಿಕೋ, ಕಟ್ಟಿಕೋ ಎಂದು ಗಾಡಿ ಕಿರುಚತೊಡಗಿತು.
ಮುಳ್ಳು ನೋಡಿದೆ.
ಮೂವತ್ತೆರಡು.